ಅನ್ನದ ಅಗುಳಿನಿಂದ ಅಂಟಿಸಿದ ಪುಟ

ಅನ್ನದ ಅಗುಳು ಒಣಗಿದರೆ ಎಷ್ಟು ಗಟ್ಟಿ ಎನ್ನುವುದು ಪಾತ್ರೆ ತೊಳೆಯುವವರಿಗೆ ಗೊತ್ತು. ನೀರು ಹಾಕದೆ ಬಿಟ್ಟ ತಟ್ಟೆಯ ಅಂಚಿನಲ್ಲಿ ಅದು ಕಲ್ಲಿನ ಹಾಗೆ ಕೂತಿರುತ್ತದೆ. ಉಗುರು ಹಾಕಿದರೆ ಉಗುರೇ ಸೋಲುತ್ತದೆ. ಅಂಥದೊಂದು ಅಗುಳು ಮೊನ್ನೆ ನನ್ನ ಕಣ್ಣಿಗೆ ಬಿತ್ತು, ತಟ್ಟೆಯಲ್ಲಲ್ಲ, ಒಂದು ಪುಸ್ತಕದಲ್ಲಿ. ಎರಡು ಹಾಳೆಗಳ ನಡುವೆ ಚಪ್ಪಟೆಯಾಗಿ, ಹಳದಿಯಾಗಿ, ನಲವತ್ತೈದು ವರ್ಷದಿಂದ ಹಿಡಿದ ಪಟ್ಟು ಬಿಡದೆ ಕೂತಿತ್ತು.

ಪುಸ್ತಕ ನನ್ನ ಅಕ್ಕ ಗಿರಿಜಳದು. ಅವಳು ಹೋಗಿ ಎಂಟು ತಿಂಗಳಾಯಿತು. ಶಿವಗಣಾರಾಧನೆ ಮುಗಿದ ದಿನ, ಭದ್ರಾವತಿಯ ಜನ್ನಾಪುರದಲ್ಲಿರುವ ಅವಳ ಮನೆಯಿಂದ ಹೊರಡುವಾಗ, ಭಾವ ಒಂದು ಬಟ್ಟೆಯ ಚೀಲ ತಂದು ಕೈಗಿಟ್ಟರು. "ಬೀರುವಿನ ತಳದಲ್ಲಿ ಇತ್ತಮ್ಮ. ಮೇಲೆ ನಿನ್ನ ಹೆಸರು ಬರ್ದಿದಾಳೆ," ಎಂದರು. ಚೀಲಕ್ಕೆ ಪಿನ್ನು ಚುಚ್ಚಿದ್ದ ಚೀಟಿಯಲ್ಲಿ ಅಕ್ಕನ ದುಂಡು ಅಕ್ಷರ: ಪುಟ್ಟಿಗೆ. ಐವತ್ತು ದಾಟಿದ ಹೆಂಗಸನ್ನು ಪುಟ್ಟಿ ಎಂದು ಕರೆಯುವವರು ಭೂಮಿಯ ಮೇಲೆ ಇಬ್ಬರೇ ಇದ್ದರು. ಈಗ ಅಪ್ಪಾಜಿ ಒಬ್ಬರೇ.

ನನಗೆ ಚೀಲ ಬಿಚ್ಚುವ ಧೈರ್ಯವಾಗಲಿಲ್ಲ. ಶಿವಮೊಗ್ಗಕ್ಕೆ ತಂದು, ಗೋಪಾಳದ ನಮ್ಮ ಮನೆಯ ಕೋಣೆಯಲ್ಲಿ ಬಾಗಿಲ ಹಿಂದಿನ ಮೊಳೆಗೆ ಹಾಕಿದೆ. ಬಾಗಿಲು ತೆರೆದರೆ ಚೀಲ ಮರೆಯಾಗುತ್ತಿತ್ತು. ಹಾಗಾಗಿ ಆ ಬಾಗಿಲನ್ನು ಹಗಲೂ ಇರುಳೂ ತೆರೆದೇ ಇಟ್ಟೆ. ನಮ್ಮ ಯಜಮಾನರು, "ಗಾಳಿ ಬೇಕಾ ನಿಂಗೆ?" ಎಂದು ಕೇಳಿದರು. ಹೌದು ಎಂದೆ.

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದು ನಿಮಗೂ ಸಲೀಸು. ಬೇರೆಯವರು ಕತ್ತಲಿಗೆ ಹೆದರುತ್ತಾರೆ. ನನ್ನ ಹೆದರಿಕೆ ಮಧ್ಯಾಹ್ನ ಎರಡು ಗಂಟೆಯದು. ಬಿಸಿಲು ಕಿಟಕಿಯ ಸರಳಿನ ನೆರಳನ್ನು ನೆಲದ ಮೇಲೆ ಚೆಲ್ಲಿ, ಬೀದಿಯಲ್ಲಿ ಒಂದು ಸೈಕಲ್ಲೂ ಇಲ್ಲದೆ, ಪಾತ್ರೆಗಳೆಲ್ಲ ತೊಳೆದು ಬೋರಲು ಬಿದ್ದಿರುವ ಹೊತ್ತು. ಆಗ ನನ್ನ ಬೆನ್ನಹುರಿಯಲ್ಲಿ ಏನೋ ಹರಿದಂತಾಗುತ್ತದೆ. ಇದಕ್ಕೆ ಕಾರಣ ಅಪ್ಪಾಜಿಯ ನೈಟ್ ಶಿಫ್ಟ್.

ಅಪ್ಪಾಜಿ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮೂರನೇ ಪಾಳಿ ಇದ್ದ ವಾರ ಬೆಳಿಗ್ಗೆ ಬಂದು, ಲಿಂಗಪೂಜೆ ಮುಗಿಸಿ, ಉಂಡು, ಒಳಕೋಣೆಯಲ್ಲಿ ಮಲಗುತ್ತಿದ್ದರು. ಆಗಿನಿಂದ ಸಂಜೆಯವರೆಗೆ ಮನೆಯಲ್ಲಿ ಸದ್ದು ಮಾಡುವ ಹಾಗಿರಲಿಲ್ಲ. ಅವ್ವ ಒಗ್ಗರಣೆ ಹಾಕುವಾಗ ಮುಚ್ಚಳ ಮುಚ್ಚಿ, ಅದರ ಮೇಲೆ ಬಟ್ಟೆ ಹಾಕುತ್ತಿದ್ದಳು. ಪಕ್ಕದ ಮನೆಯ ತಮಿಳು ಅಮ್ಮ ಕೂಡ ಆ ವಾರ ಮೆಣಸಿನಕಾಯಿ ಕುಟ್ಟುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಎರಡು ಹೆಣ್ಣುಮಕ್ಕಳು ಬಾಯಿ ಮುಚ್ಚಿಕೊಂಡು ಏನು ಮಾಡಬೇಕು? ಅಕ್ಕ ಓದುತ್ತಿದ್ದಳು, ನಾನು ಕೇಳುತ್ತಿದ್ದೆ. ಎಲ್ಲವೂ ಪಿಸುಮಾತಿನಲ್ಲಿ.

ಅವಳು ಓದುತ್ತಿದ್ದದ್ದು ಈ ಪುಸ್ತಕವನ್ನೇ. ಹಳೇ ಪೇಪರ್ ಅಂಗಡಿಯಿಂದ ಅಪ್ಪಾಜಿ ತಂದದ್ದು. ಆಗಲೇ ಅದಕ್ಕೆ ರಟ್ಟು ಇರಲಿಲ್ಲ, ಮೊದಲ ಎಂಟು ಪುಟ ಇರಲಿಲ್ಲ. ಹಾಗಾಗಿ ಪುಸ್ತಕದ ಹೆಸರೇನು, ಬರೆದವರು ಯಾರು ಎನ್ನುವುದು ನಮಗೆ ಇವತ್ತಿಗೂ ತಿಳಿಯದು. ಒಳಗಿದ್ದವೆಲ್ಲ ಸಾಹಸದ ಸಣ್ಣ ಕಥೆಗಳು. ಯಾವುಯಾವುದೋ ದೇಶದವು. ಹಿಮದಲ್ಲಿ ದಾರಿ ತಪ್ಪಿದ ಒಬ್ಬ, ಚಿನ್ನದ ಗಣಿಯಲ್ಲಿ ದೀಪ ಆರಿಹೋದ ಇನ್ನೊಬ್ಬ, ಬೋನಿನಿಂದ ಚಿರತೆ ತಪ್ಪಿಸಿಕೊಂಡ ಒಂದು ದೋಣಿ. ಒಂದೊಂದೂ ಹತ್ತು ಹನ್ನೆರಡು ಪುಟ. ಆ ಹತ್ತು ಪುಟದಲ್ಲಿ ನಾನು ಸತ್ತು ಹುಟ್ಟುತ್ತಿದ್ದೆ.

ಪದ್ಧತಿ ಹೀಗಿತ್ತು. ಒಳಗಿನಿಂದ ಅಪ್ಪಾಜಿಯ ಗೊರಕೆ ಕೇಳಿಸಿದ ಮೇಲೆಯೇ ಕಥೆ ಶುರು. ನಾನು ಟವೆಲಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಕೂರಬೇಕು. ಹೆದರಿಕೆಯಾದರೆ ಇನ್ನೂ ಗಟ್ಟಿಯಾಗಿ ಕಚ್ಚಬೇಕೇ ಹೊರತು ಕಿರುಚಬಾರದು. ಆ ಅಭ್ಯಾಸ ಎಷ್ಟು ಆಳಕ್ಕೆ ಇಳಿಯಿತೆಂದರೆ ಇವತ್ತಿಗೂ ನನಗೆ ಕಿರುಚಲು ಬರುವುದಿಲ್ಲ. ಹೋದ ವರ್ಷ ಅಡುಗೆಮನೆಗೆ ದೊಡ್ಡದೊಂದು ಮಂಗ ನುಗ್ಗಿತು. ನಾನು ಅದರ ಎದುರಿಗೇ ನಿಂತು, ಪಕ್ಕದ ಕೋಣೆಯಲ್ಲಿದ್ದ ಯಜಮಾನರಿಗೆ, "ರೀ, ಮಂಗ ಬಂದಿದೆ," ಎಂದು ಪಿಸುಗುಟ್ಟಿದೆ. ಮಂಗಕ್ಕೆ ಮಾತ್ರ ಕೇಳಿಸಿರಬೇಕು. ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡು ನಿಧಾನವಾಗಿ ಹೋಯಿತು.

ಇನ್ನೊಂದು ಪದ್ಧತಿ ನನ್ನದೇ. ಕಥೆ ಶುರುವಾಗುವ ಮೊದಲು ನಾನು ಕೇಳುತ್ತಿದ್ದೆ, "ಬದುಕ್ತಾನಾ?"

"ಬದುಕ್ತಾನೆ ಕಣೇ," ಎನ್ನುತ್ತಿದ್ದಳು ಅಕ್ಕ.

"ಕೊನೇ ಪುಟ ನೋಡಿದೀಯಾ?"

"ನೋಡಿದೀನಿ ಮಾರಾಯ್ತಿ. ಬದುಕ್ತಾನೆ. ಈಗ ಟವೆಲ್ ಕಚ್ಕೋ."

ಅದಾದ ಮೇಲೆ ಹಿಮ ಕುಸಿಯಲಿ, ಚಿರತೆ ಹಾರಲಿ, ನಾನು ತಡೆದುಕೊಳ್ಳುತ್ತಿದ್ದೆ. ಕೊನೆ ಗೊತ್ತಿದ್ದರೆ ಕಥೆಯ ಸ್ವಾರಸ್ಯ ಹೋಗುತ್ತದೆ ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ಹೊಟ್ಟೆ ತುಂಬಿದವರ ಮಾತು. ಬದುಕುತ್ತಾನೆ ಎಂದು ಗೊತ್ತಿದ್ದರೂ ನನ್ನ ಕೈ ತಣ್ಣಗಾಗುತ್ತಿತ್ತು. ಗೊತ್ತಿದ್ದರಿಂದಲೇ ಪೂರ್ತಿ ಹೆದರಲು ಆಗುತ್ತಿತ್ತು. ಹಗ್ಗ ಕಟ್ಟಿಕೊಂಡು ಬಾವಿಗೆ ಇಳಿದ ಹಾಗೆ.

ಆ ಪುಸ್ತಕದಲ್ಲಿ ಒಂದು ದೀಪಸ್ತಂಭದ ಕಥೆ ಇತ್ತು. ಸಮುದ್ರದ ನಡುವಿನ ಬಂಡೆಯ ಮೇಲೆ ದೀಪ ಕಾಯುವವನೊಬ್ಬ. ಬಿರುಗಾಳಿಗೆ ದೀಪ ಆರಿದೆ, ಒಳಗಿನ ಮೆಟ್ಟಿಲು ಕುಸಿದಿದೆ, ದೂರದಲ್ಲಿ ಒಂದು ಹಡಗು ನೇರ ಬಂಡೆಯ ಕಡೆಗೇ ಬರುತ್ತಿದೆ. ಅವನು ಹೊರಗೋಡೆಯ ಕಬ್ಬಿಣದ ಏಣಿ ಹಿಡಿದು ಹತ್ತುತ್ತಾನೆ. ತುಕ್ಕು ಹಿಡಿದ ಮೆಟ್ಟಿಲು ಒಂದೊಂದಾಗಿ ಮುರಿಯುತ್ತದೆ. ನಾನಾಗಲಿ ಅಕ್ಕನಾಗಲಿ ಸಮುದ್ರ ನೋಡಿರಲಿಲ್ಲ, ದೀಪಸ್ತಂಭವನ್ನಂತೂ ಇಲ್ಲವೇ ಇಲ್ಲ. ನಮಗೆ ಗೊತ್ತಿದ್ದದ್ದು ಕಾರ್ಖಾನೆಯ ಚಿಮ್ನಿ. ನಮ್ಮ ಹಿತ್ತಲಿನಿಂದ ಅದು ಕಾಣುತ್ತಿತ್ತು. ಅದಕ್ಕೂ ಹೊರಗಡೆ ಒಂದು ಕಬ್ಬಿಣದ ಏಣಿ ಇತ್ತು, ದೂರಕ್ಕೆ ದಾರದಲ್ಲಿ ಹಾಕಿದ ಹೊಲಿಗೆಯ ಹಾಗೆ. ಅಪ್ಪಾಜಿ ಅಂಥ ಏಣಿಗಳನ್ನು ಹತ್ತುತ್ತಾರೆ ಎಂದು ಅವ್ವ ಯಾರಿಗೋ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ.

ಇಲ್ಲಿಂದ ಮುಂದೆ ನಾನು ವಿವರಿಸಬೇಕಾಗಿಲ್ಲ. ಕಥೆಯಲ್ಲಿ ಏಣಿ ಹತ್ತುವವನಿಗೆ ಅಪ್ಪಾಜಿಯ ಮುಖ ಬಂತು. ಖಾಕಿ ಅಂಗಿ ಬಂತು, ಹಣೆಯ ವಿಭೂತಿ ಬಂತು. ಅಕ್ಕ "ಹದಿನಾರನೇ ಮೆಟ್ಟಿಲು ಕೈಯಲ್ಲೇ ಕಳಚಿ ಬಂತು. ಅವನು ಒಂದೇ ಕೈಯಲ್ಲಿ ನೇತಾಡತೊಡಗಿದ" ಎಂದು ಓದಿದಳು. ಅಲ್ಲಿಗೆ ಆ ಪುಟ ಮುಗಿಯುತ್ತಿತ್ತು. ನನ್ನ ಬಾಯಿಗೆ ಟವೆಲಿನ ದಾರ ಬಂದಿತ್ತು. ಮುಂದಿನ ಪುಟ ತಿರುವು ಎಂದು ಸನ್ನೆ ಮಾಡಿದೆ. ಅಕ್ಕ ಪುಸ್ತಕ ಮುಚ್ಚಿದಳು. "ನಾಳೆ," ಎಂದಳು.

ಮರುದಿನ ನೋಡಿದರೆ ಆ ಹಾಳೆ ಮುಂದಿನ ಹಾಳೆಗೆ ಅಂಟಿಕೊಂಡಿತ್ತು. "ಪ್ರೆಸ್ಸಲ್ಲೇ ಹಾಗೆ ಬಂದಿದೆ ಕಣೇ," ಎಂದಳು ಅಕ್ಕ. "ನಮ್ಮ ಸ್ಕೂಲ್ ಲೈಬ್ರರಿಯಲ್ಲಿ ಇದೇ ಪುಸ್ತಕ ಇದೆ, ಅದ್ರಲ್ಲಿ ಓದಿದೀನಿ. ದೀಪ ಹಚ್ತಾನೆ, ಇಳಿದು ಬರ್ತಾನೆ, ಹೆಂಡತಿ ಮಕ್ಕಳ ಜೊತೆ ರೊಟ್ಟಿ ತಿಂತಾನೆ."

ನಾನು ನಂಬಿದೆ. ರೊಟ್ಟಿ ತಿನ್ನುತ್ತಾನೆ ಎಂದಮೇಲೆ ಇನ್ನೇನು?

ಅಕ್ಕ ಎಂಥ ಗಟ್ಟಿಗಿತ್ತಿ ಎಂದರೆ, ನಾಲ್ಕು ವರ್ಷದ ಹಿಂದೆ ಇಬ್ಬರೂ ತ್ಯಾವರೆಕೊಪ್ಪದ ಸಫಾರಿಗೆ ಹೋಗಿದ್ದೆವು. ಕಂಬಿ ಹಾಕಿದ ಬಸ್ಸು. ಹುಲಿ ಬಂದ ಕೂಡಲೇ ನಾನು ಸೆರಗು ಬಾಯಿಗಿಟ್ಟು ಕಣ್ಣು ಮುಚ್ಚಿದೆ. ಅಕ್ಕ ಕಿಟಕಿಗೆ ಮೂಗು ತಾಗಿಸಿ ನೋಡುತ್ತ, "ಕಣ್ಣು ಬಿಡೇ, ಅದು ನಿನ್ನ ಕಡೆ ನೋಡ್ತಾನೂ ಇಲ್ಲ. ಊಟ ಆಗಿ ಎಲೆ ಅಡಿಕೆಗೆ ಕಾಯ್ತಾ ಇರೋ ಹಾಗಿದೆ," ಎಂದಳು. ಬಸ್ಸಿನವರೆಲ್ಲ ನಕ್ಕರು. ಇಳಿದ ಮೇಲೆ ನಾನು, "ನಿಂಗೆ ಯಾವತ್ತೂ ಹೆದರಿಕೆನೇ ಆಗಲ್ವಾ ಅಕ್ಕ?" ಎಂದು ಕೇಳಿದೆ. ಅವಳು ಚುರುಮುರಿ ತಿನ್ನುತ್ತಿದ್ದಳು. ಉತ್ತರ ಕೊಟ್ಟಳೋ ಇಲ್ಲವೋ, ಎಷ್ಟು ಜ್ಞಾಪಿಸಿಕೊಂಡರೂ ನೆನಪಾಗುತ್ತಿಲ್ಲ. ಸತ್ತವರ ವಿಷಯದಲ್ಲಿ ಇಂಥವೇ ಕಾಡುತ್ತವೆ.

ಈಗ ಆಸ್ಪತ್ರೆಯ ಮಾತು ಹೇಳಬೇಕು. ಇದನ್ನು ನಾನು ಯಾರಿಗೂ ಹೇಳಿಲ್ಲ.

ಅಕ್ಕನನ್ನು ಆಪರೇಷನ್‌ಗೆ ಒಯ್ಯುವ ಬೆಳಿಗ್ಗೆ. ಹಸಿರು ಅಂಗಿ ತೊಡಿಸಿ, ಬಳೆ ತೆಗೆಸಿದ್ದರು. ಬೋಳು ಕೈ ನೋಡಲಾರದೆ ನಾನು ಅವಳ ಕಾಲ ಬಳಿ ನಿಂತಿದ್ದೆ. ಭಾವ ಸಹಿ ಹಾಕಲು ಹೋಗಿದ್ದರು. ಅಕ್ಕ ಬೆರಳಲ್ಲಿ ಸನ್ನೆ ಮಾಡಿ ಹತ್ತಿರ ಕರೆದಳು. ಹಳೆಯ ಪಿಸುದನಿ. "ಪುಟ್ಟಿ, ಮೊದ್ಲೇ ಹೇಳ್ಬಿಡು. ಬದುಕ್ತಾಳಾ?"

ನಗುತ್ತಿದ್ದಳು. ಆದರೆ ಕೇಳಿದ್ದು ತಮಾಷೆಗಲ್ಲ. ಅವಳ ಕಣ್ಣು ನನ್ನ ಬಾಯಿಯನ್ನೇ ನೋಡುತ್ತಿತ್ತು. ನಲವತ್ತೈದು ವರ್ಷದಲ್ಲಿ ಮೊದಲ ಸಲ ಪ್ರಶ್ನೆ ಆ ಕಡೆಯಿಂದ ಬಂದಿತ್ತು. ಒಂದು ಪದ ಸಾಕಿತ್ತು. ನಾನು ಏನಂದೆ ಗೊತ್ತೇ? "ನಂಗೆ ಗೊತ್ತಿಲ್ಲ ಕಣಕ್ಕ. ಡಾಕ್ಟ್ರು ಹೇಳ್ಬೇಕು."

"ಪುಕ್ಕಲಿ," ಎಂದಳು ಅಕ್ಕ. ಕೆನ್ನೆ ತಟ್ಟಿದಳು. ಗಾಲಿಯ ಮಂಚ ಹೋಯಿತು. ಅವಳು ಮತ್ತೆ ಮಾತಾಡಲಿಲ್ಲ, ಮೂರನೇ ದಿನ ಹೋದಳು. ಅವಳು ನನ್ನಿಂದ ಕೇಳಿಸಿಕೊಂಡ ಕೊನೆಯ ಮಾತು 'ಗೊತ್ತಿಲ್ಲ' ಎನ್ನುವುದು.

ಅಂದಿನಿಂದ ನನಗೆ ಬೇರೆ ಥರದ ಭಯ. ಸಾಹಸದ ಕಥೆಗಳು ಇಷ್ಟು ವರ್ಷವಾದರೂ ಜನರ ಕೈಬಿಡದಿರಲು ಏನು ಕಾರಣ ಎಂದು ಓದಿದವರು ಏನೇನೋ ಹೇಳಬಹುದು. ನನ್ನ ಎಸೆಸ್ಸೆಲ್ಸಿ ಬುದ್ಧಿಗೆ ತೋಚುವುದು ಇಷ್ಟೇ. ಅಲ್ಲಿ ಭಯಕ್ಕೆ ಇಷ್ಟೇ ಪುಟ ಎಂದು ಲೆಕ್ಕ ಇರುತ್ತದೆ. ಹನ್ನೆರಡು ಪುಟ ದಾಟಿದರೆ ಮುಗಿಯಿತು, ಎದ್ದು ನೀರು ಕುಡಿಯಬಹುದು. ಆಸ್ಪತ್ರೆಯ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತವರಿಗೆ ಇನ್ನೆಷ್ಟು ಪುಟ ಎಂದು ಯಾರೂ ಹೇಳುವುದಿಲ್ಲ.

ಹೋದ ವಾರ ಅಪ್ಪಾಜಿಗೆ ಎದೆ ಹಿಡಿದುಕೊಂಡಿತು. ಅವರಿಗೆ ಎಂಬತ್ತಮೂರು, ಅವ್ವ ಹೋದ ಮೇಲೆ ನಮ್ಮ ಮನೆಯಲ್ಲೇ ಇದ್ದಾರೆ. ಮಂಗಳವಾರ ಒಳಗೆ ಸೇರಿಸಿ, ರಕ್ತನಾಳದ ಪರೀಕ್ಷೆ ಮಾಡಿ, ಬೇಕಾದರೆ ಅಲ್ಲೇ ಸ್ಟೆಂಟ್ ಹಾಕುತ್ತಾರಂತೆ. ಅದೇ ಆಸ್ಪತ್ರೆ, ಅದೇ ಕಾರಿಡಾರು. ಅವರಿಗೂ ಹಸಿರು ಅಂಗಿ ತೊಡಿಸಿ ಮಲಗಿಸುತ್ತಾರೆ, ಅವರೂ ನನ್ನ ಕಡೆ ನೋಡುತ್ತಾರೆ. ಅವರೂ ಕೇಳಿಬಿಟ್ಟರೆ? ಎರಡು ದಿನದಿಂದ ಅವರಿಗೆ ಕಾಫಿಯನ್ನು ಯಜಮಾನರ ಕೈಯಲ್ಲೇ ಕಳಿಸುತ್ತಿದ್ದೆ.

ಅವರ ಹಳೆಯ ಇಸಿಜಿ ಕಾಗದಗಳನ್ನು ಹುಡುಕುವಾಗಲೇ ಆ ಬಾಗಿಲ ಹಿಂದಿನ ಚೀಲ ಕೈಗೆ ಬಂದದ್ದು. ಬಿಚ್ಚಿದೆ. ರಟ್ಟಿಲ್ಲದ ಪುಸ್ತಕ. ತಾನಾಗಿ ದೀಪಸ್ತಂಭದ ಕಡೆಗೇ ತೆರೆದುಕೊಂಡಿತು. ಬೆಳಕಿಗೆ ಹಿಡಿದೆ. ಪ್ರೆಸ್ಸಿನ ಅಂಟಲ್ಲ ಅದು. ಮೂಲೆಯಲ್ಲಿ ಹುಳು ತಿಂದ ಜಾಗದಿಂದ ಅನ್ನದ ಅಗುಳು ಇಣುಕುತ್ತಿತ್ತು.

ಅಂದರೆ ಅಕ್ಕ ಅಂಟಿಸಿದ್ದು. ಅಂದರೆ ಅವನು ಸಾಯುತ್ತಾನೆ. ಅವಳು ಓದಿ, ನನಗೆ ಕಾಣದ ಹಾಗೆ ಮುಚ್ಚಿ, ರೊಟ್ಟಿಯ ಸುಳ್ಳು ಹೇಳಿದ್ದಾಳೆ. ಹಾಗಾದರೆ ಹಿಮದಲ್ಲಿ ದಾರಿ ತಪ್ಪಿದವನು? ಗಣಿಯವನು? ನಾನು ಹಿಡಿದುಕೊಂಡು ಬಾವಿಗಿಳಿದ ಹಗ್ಗಗಳೆಲ್ಲ ಮೇಲುಗಡೆ ಯಾವುದಕ್ಕೂ ಕಟ್ಟಿರಲೇ ಇಲ್ಲವೇ?

ನೋಡಲೂ ಭಯ, ನೋಡದಿರಲೂ ಭಯ. ಮೂರು ದಿನ ಹಾಗೇ ಕಳೆದೆ. ಶನಿವಾರ ಹನ್ನೆರಡು ಗಂಟೆಗೆ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಅಪ್ಪಾಜಿಗೆ ಕುಕ್ಕರಿನ ಅನ್ನ ಸೇರದು, ಬಸಿದದ್ದೇ ಆಗಬೇಕು. ಏಳುತ್ತಿದ್ದ ಹಬೆ ನೋಡಿ ನನ್ನ ಕೈ ತಾನಾಗಿ ಪುಸ್ತಕ ತಂದು ಅದರ ಮೇಲೆ ಹಿಡಿಯಿತು.

"ಏನದು, ಪುಸ್ತಕಕ್ಕೆ ಹಬೆ ಕೊಡ್ತಿದೀಯ? ನೆಗಡಿಯಾ ಅದಕ್ಕೆ?" ಬಾಗಿಲಲ್ಲಿ ಅಪ್ಪಾಜಿ. ಗೋಡೆ ಹಿಡಿದು ಬಂದು ಸ್ಟೂಲಿನ ಮೇಲೆ ಕೂತರು. ಕತ್ತು ಚಾಚಿ ನೋಡಿದರು. "ಲೈಟ್‌ಹೌಸ್ ಕತೆನಾ?"

"ನಿಮಗೆ ಹೇಗೆ ಗೊತ್ತು ಅಪ್ಪಾಜಿ?"

"ನೀವಿಬ್ರೂ ಓದ್ತಿರ್ಲಿಲ್ವಾ?"

"ನೀವು ಮಲಗಿರ್ತಿದ್ರಿ."

"ಯಾರು ಮಲಗ್ತಾರೆ? ಗಟ್ಟಿಯಾಗಿ ಓದಿದ್ರೆ ನಿದ್ದೆ ಬರ್ತಿತ್ತೇನೋ. ಪಿಸಿಪಿಸಿ ಅಂದ್ರೆ ಏನಂತಿದಾರೆ ಅಂತ ಕಿವಿ ಕೊಡ್ಲೇಬೇಕಲ್ಲ."

"ಗೊರಕೆ ಹೊಡೀತಿದ್ರಲ್ಲ?"

"ಹೊಡೀತಿದ್ದೆ. ಇಲ್ಲಾಂದ್ರೆ ನೀವು ಶುರು ಮಾಡ್ತಿರ್ಲಿಲ್ಲ."

ಹಬೆಗೆ ಕನ್ನಡಕ ಮಂಜಾಗಿತ್ತು. ಧೈರ್ಯ ಮಾಡಿ, "ಇದನ್ನ ಅಕ್ಕ ಅಂಟಿಸಿದಾಳೆ. ಅವ್ಳು ಓದಿದ್ಳು, ನಂಗೆ ಸುಳ್ಳು ಹೇಳಿದ್ಳು," ಎಂದೆ.

"ಅವಳೆಲ್ಲಿ ಓದಿದ್ಳು?" ಎಂದರು ಅಪ್ಪಾಜಿ. "ಒಂದಿನ ಶಿಫ್ಟ್ ಮುಗಿಸ್ಕೊಂಡು ಬಂದು ಮುಖ ತೊಳೀತಿದ್ದೆ. ಈ ಪುಸ್ತಕ ಹಿಡ್ಕೊಂಡು ಬಂದ್ಳು. 'ಅಪ್ಪಾಜಿ, ಕೊನೇ ಪುಟ ನೀವೇ ಓದಿ ಹೇಳಿ. ನಂಗೆ ಹೆದರಿಕೆ ಆಗುತ್ತೆ, ಪುಟ್ಟಿ ಕೇಳ್ತಾಳೆ' ಅಂದ್ಳು. ಕೈ ನಡುಗ್ತಿತ್ತು ಮಗೀದು."

"ಅಕ್ಕನದಾ?"

"ಮತ್ತಿನ್ಯಾರದು?"

"ನೀವು ಓದಿದ್ರಾ?"

ಅಪ್ಪಾಜಿ ನೆಲ ನೋಡಿದರು. "ನಾನೆಲ್ಲಿ ಓದ್ಲಿ. ರಾತ್ರಿಯೆಲ್ಲ ಬೆಂಕಿ ಮುಂದೆ ನಿಂತು ಕಣ್ಣು ಉರೀತಿತ್ತು. ಪುಟ ತಿರುವಿ, ನೋಡಿದ ಹಾಗೆ ಮಾಡ್ದೆ. 'ಬದುಕ್ತಾನೆ ಕಣವ್ವ, ಹೋಗು' ಅಂದೆ. ಆಮೇಲೆ ನನ್ನ ಜೊತೆ ಊಟಕ್ಕೆ ಕೂತಾಗ ತಟ್ಟೆಯಿಂದ ಎರಡು ಅಗುಳು ತಗೊಂಡು ಎದ್ದು ಹೋದ್ಳು. ಎಲ್ಲಿಗೇ ಅಂದೆ. 'ಇನ್ನು ಯಾರೂ ನೋಡೋದು ಬೇಡ' ಅಂದ್ಳು."

ಅನ್ನ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಬೆಂಕಿ ಸಣ್ಣ ಮಾಡಿದೆ. ಹಾಗಾದರೆ ಆ ಪುಟವನ್ನು ನಮ್ಮ ಮನೆಯಲ್ಲಿ ಯಾರೂ ಓದಿರಲಿಲ್ಲ. ಗಟ್ಟಿಗಿತ್ತಿ ಅಕ್ಕನಿಗೂ ಹೆದರಿಕೆಯಾಗಿತ್ತು. ನಡುಗುವ ಕೈಯಲ್ಲಿ ಪುಟ ಮುಚ್ಚಿ, ಕಣ್ಣಾರೆ ಕಂಡವಳ ಹಾಗೆ ನನಗೆ ಬದುಕುತ್ತಾನೆ ಎಂದಿದ್ದಳು. ಗೊತ್ತಿದ್ದು ಹೇಳಿದ್ದಲ್ಲ. ಗೊತ್ತಿಲ್ಲದೆಯೇ ಹೇಳಿದ್ದು.

ಅಷ್ಟರಲ್ಲಿ ಹಾಳೆಯ ತುದಿ ಸಡಿಲಾಗಿ ಎದ್ದಿತ್ತು. "ಬಿಡಿಸ್ಲಾ?" ಎಂದೆ.

"ಬಿಡಿಸು. ಇಷ್ಟು ದೂರ ಬಂದಿದೀವಿ."

ನಿಧಾನವಾಗಿ ಬಿಡಿಸಿದೆ. ಅಗುಳು ಕೂತಿದ್ದ ಕಡೆ ನಾಲ್ಕಾರು ಅಕ್ಷರ ಕಿತ್ತು ಬಂದವು. ಉಳಿದದ್ದು ಸ್ಪಷ್ಟವಾಗಿತ್ತು. ನಾನು ಓದತೊಡಗಿದೆ, ಅಭ್ಯಾಸದಂತೆ ಉಸಿರಿನಲ್ಲಿ.

"ಗಟ್ಟಿಯಾಗಿ ಓದು," ಎಂದರು ಅಪ್ಪಾಜಿ. "ಈಗ ಯಾರೂ ಮಲಗಿಲ್ಲ."

ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ಅವನು ಇನ್ನೊಂದು ಕೈಗೆ ಸಿಕ್ಕ ಸರಳು ಹಿಡಿದು ಮೇಲೇರುತ್ತಾನೆ. ಮೂರು ಕಡ್ಡಿ ಆರಿ, ನಾಲ್ಕನೆಯದರಲ್ಲಿ ದೀಪ ಹತ್ತುತ್ತದೆ. ಹಡಗು ತಿರುಗಿಕೊಂಡು ಹೋಗುತ್ತದೆ. ಬೆಳಗಾದ ಮೇಲೆ ಜನ ದೋಣಿಯಲ್ಲಿ ಬಂದು ನೋಡಿದಾಗ ಅವನು ದೀಪಕ್ಕೆ ಒರಗಿ ಕೂತಿದ್ದಾನೆ, ಕಡ್ಡಿಪೆಟ್ಟಿಗೆ ಮುಷ್ಟಿಯಲ್ಲೇ ಇದೆ, ಮೈ ತಣ್ಣಗಾಗಿದೆ. ಅಷ್ಟೇ. ರೊಟ್ಟಿ ಇಲ್ಲ.

ಅಪ್ಪಾಜಿಯ ಬಲಗೈ ಎದೆಯ ಮೇಲಿತ್ತು. ನೋವಿಗೋ, ಅಂಗಿಯೊಳಗಿನ ಲಿಂಗಕ್ಕೋ, ತಿಳಿಯಲಿಲ್ಲ. "ನಾನು ಹೇಳಿದ್ದು ಸುಳ್ಳಾಯ್ತಲ್ಲ," ಎಂದರು.

ನನಗೆ ಯೋಚಿಸಲು ಸಮಯ ಇದ್ದಿದ್ದರೆ 'ಗೊತ್ತಿಲ್ಲ' ಎನ್ನುತ್ತಿದ್ದೆನೇನೋ. "ನಲವತ್ತೈದು ವರ್ಷ ಬದುಕಿದ್ನಲ್ಲ ಅಪ್ಪಾಜಿ," ಎಂದುಬಿಟ್ಟೆ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಮೂಗಿನಲ್ಲೇ ಸಣ್ಣಗೆ ನಕ್ಕರು. "ಅನ್ನ ಆಯ್ತಾ? ಎರಡು ಅಗುಳು ಕೊಡು."

ಸೌಟಿನ ತುದಿಯಲ್ಲಿ ಕೊಟ್ಟೆ. ಊದಿ ಆರಿಸಿ, ಹಾಳೆಯ ಮೂಲೆಯಲ್ಲಿಟ್ಟು, ಫಿಟ್ಟರ್ ಕೆಲಸದಲ್ಲಿ ಚಪ್ಪಟೆಯಾದ ಹೆಬ್ಬೆರಳಿನಿಂದ ಅದುಮತೊಡಗಿದರು. ಮೊದಲಿನದಕ್ಕಿಂತ ನೇರವಾಗಿ, ಅಂಚಿಗೆ ಅಂಚು ಕೂಡಿಸಿ. ಅದುಮುತ್ತಲೇ ಕೇಳಿದರು, "ಮಂಗಳವಾರ ಎಷ್ಟು ಗಂಟೆಗೆ?"

"ಎಂಟೂವರೆಗೆ. ಖಾಲಿ ಹೊಟ್ಟೇಲಿ ಬರ್ಬೇಕಂತೆ."

"ಹ್ಞೂಂ." ಹೆಬ್ಬೆರಳು ನಿಂತಿತು. ಮುಖ ಎತ್ತದೆ, ಪುಟಕ್ಕೇ ಹೇಳುವ ಹಾಗೆ, "ಕೊನೇ ಪುಟ ನೋಡಿದೀಯೇನೇ ಪುಟ್ಟಿ?" ಎಂದರು.

ಕಿಟಕಿಯ ಸರಳಿನ ನೆರಳು ಅವರ ಪಾದದ ತನಕ ಬಂದಿತ್ತು. ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟು ಎರಡೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ನೋಡಿದೀನಿ ಅಪ್ಪಾಜಿ," ಎಂದೆ, ಗಟ್ಟಿಯಾಗಿ. "ಬದುಕ್ತಾನೆ. ಊಟ ಮಾಡಿ, ಹೋಗಿ ಮಲ್ಕೊಳ್ಳಿ."

ಅವರು ಉಂಡರು. ಮಜ್ಜಿಗೆ ಕೇಳಿ ಹಾಕಿಸಿಕೊಂಡರು. ಗೋಡೆ ಹಿಡಿದು ಕೋಣೆಗೆ ಹೋದರು. ನಾನು ಪುಸ್ತಕದ ಮೇಲೆ ಗುಂಡುಕಲ್ಲು ಇಟ್ಟು, ಬೋರಲು ಹಾಕಿದ ಪಾತ್ರೆಗಳ ನಡುವೆ ಕೂತೆ. ಎರಡು ಗಂಟೆಯ ಹೊತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗೊರಕೆ ಕೇಳಿಸಿತು. ನಿಜದ್ದೋ, ನನಗಾಗಿ ಹೊಡೆದದ್ದೋ, ನಾನು ಎದ್ದು ಹೋಗಿ ನೋಡಲಿಲ್ಲ.